ಟವಲ್ ಕೆಳಗಿನ ಧಾರಣೆ

ಅಧ್ಯಕ್ಷ ಪೀಠದಲ್ಲಿರುವ ಹಿರಿಯರಾದ ರುದ್ರಮುನಿ ಮೇಷ್ಟ್ರೇ, ಸನ್ಮಾನ ಒಲ್ಲೆ ಒಲ್ಲೆ ಎನ್ನುತ್ತಲೇ ಬಂದು ಕೂತಿರುವ ಕೌನ್ಸೆಲರ್ ಭುವನಾ ಮೇಡಂ ಅವರೇ, ರಾಯದುರ್ಗದ ವರ್ತಕ ಬಂಧುಗಳೇ, ತಾಯಂದಿರೇ, ಒಗ್ಗರಣೆ ವಾಸನೆ ಬಂದ ಮೇಲೆ ಒಳಗೆ ಬಂದ ಸಭಿಕರೇ,

ನನ್ನನ್ನು ನೀವೆಲ್ಲ ಬಲ್ಲಿರಿ. ಶೇಂಗಾ ದಲ್ಲಾಳಿ ಚಂದ್ರಶೇಖರಯ್ಯ, ಈ ವರ್ತಕರ ಸಂಘದ ಕಾರ್ಯದರ್ಶಿ. ಸಂಶಯ ನನ್ನ ಕಸುಬು. ಚೀಲದ ಬಾಯಲ್ಲಿ ಒಳ್ಳೆಯ ಕಾಯಿ ಕಂಡರೆ ತಳದಲ್ಲಿ ಏನಿದೆ ಎಂದು ಕೈ ಹಾಕಿ ನೋಡುವವನು ನಾನು. ಈಗ ಹಾಕಿದ ಈ ಹಾರವನ್ನೇ ನೋಡಿ, ಎದೆಯ ಮೇಲೆ ಗುಲಾಬಿ, ಬೆನ್ನ ಹಿಂದೆ ಬರೀ ದಾರ. ತಂದವರು ಯಾರೆಂದು ಆಮೇಲೆ ವಿಚಾರಿಸುತ್ತೇನೆ.

ಕಳೆದ ವರ್ಷ ಭುವನಾ ಮೇಡಂ ನಮ್ಮ ಸಂಘದ ಮಹಡಿ ಕೋಣೆ ಕೇಳಲು ಬಂದರು. ಖಿನ್ನತೆ ಅನ್ನುವುದು ಕಾಯಿಲೆ, ಅದು ಬಂದವರ ಜೊತೆ ಕೂತು ಮಾತಾಡುತ್ತೇನೆ ಎಂದರು. ಮಾತಿಗೆ ಕೋಣೆ ಬೇಕೆ? ನಮ್ಮೂರಲ್ಲಿ ಮಾತಿಗೆ ಬರವೆ? ಕಟ್ಟೆ ಇಲ್ಲವೆ, ಹೋಟೆಲ್ ಇಲ್ಲವೆ? ಹೋಗಲಿ, ಮಾತಾಡಲಿ. ಬಾಗಿಲು ಯಾಕೆ ಮುಚ್ಚಬೇಕು? ಬಾಗಿಲು ಮುಚ್ಚಿ ಆಡುವ ಮಾತು ಯಾರದೋ ಮನೆ ಮುರಿಯುವ ಮಾತೇ ಎಂದು ಸಂಘದ ಸಭೆಯಲ್ಲಿ ಹೇಳಿದವನು ನಾನು. ಒಂದು ವರ್ಷ ನೋಡೋಣ, ಸರಿಬಾರದಿದ್ದರೆ ಖಾಲಿ ಮಾಡಿಸೋಣ ಎಂದಾಯಿತು. ಅದರ ತೀರ್ಮಾನವನ್ನು ಇವತ್ತು ಹೇಳಬೇಕಾದವನೂ ನಾನೇ. ರೇಣುಕಾಪ್ರಸಾದ್ ಅವರು ತಮ್ಮ ಜೀನ್ಸ್ ಪ್ಯಾಂಟಿನ ಮೂಟೆ ಇಡಲು ಆ ಕೋಣೆಗಾಗಿ ಕಾಯುತ್ತಿದ್ದಾರೆ. ಆಟೋಗೂ ಹೇಳಿಟ್ಟಿದ್ದಾರಂತೆ.

ಅಷ್ಟರಲ್ಲಿ ನಮ್ಮ ಮನೆಯಲ್ಲೇ ಒಂದು ಸಂಗತಿ ನಡೆಯಿತು. ಇದನ್ನು ಹೇಳಲು ನನ್ನ ಹೆಂಡತಿ ಅಂಬಮ್ಮನ ಅಪ್ಪಣೆ ಪಡೆದು ಬಂದಿದ್ದೇನೆ. "ಸ್ವಲ್ಪ ಹೇಳ್ರಿ, ಪುರಾಣ ಹಚ್ಚಬ್ಯಾಡ್ರಿ" ಎಂದಿದ್ದಾಳೆ. ಸ್ವಲ್ಪವೇ ಹೇಳುತ್ತೇನೆ.

ಅವಳು ಗೋಡೆಗೆ ಮುಖ ಮಾಡಿ ಮಲಗತೊಡಗಿದಳು. ಹಾಲು ಉಕ್ಕಿ ಒಲೆ ಆರಿದರೂ ಏಳಲಿಲ್ಲ. ನಾನು ಸೋಮಾರಿತನ ಎಂದೆ. ನಮ್ಮಕ್ಕ ಗಾಳಿ ಸೋಕಿದೆ ಎಂದಳು. ನೇಮಕಲ್ಲು ಆಂಜನೇಯನ ಹತ್ತಿರ ಕರೆದುಕೊಂಡು ಹೋದೆವು, ದಾರ ಕಟ್ಟಿಸಿದೆವು. ದಾರ ಕಟ್ಟಿದ ಕೈಯಲ್ಲೇ ತಟ್ಟೆ ಸರಿಸಿದಳು. ಒಂದು ದಿನ "ನಾ ಇಲ್ಲದಿದ್ರ ನಿಮಗೂ ಸಲೀಸ್ರಿ" ಎಂದಳು. ಜಗಳದಲ್ಲಿ ಅಂದಿದ್ದರೆ ನಾನು ಹೆದರುತ್ತಿರಲಿಲ್ಲ. ಬೆಂಡೆಕಾಯಿ ಹೆಚ್ಚುತ್ತ, ಬಸ್ ತಡ ಅಂದ ಹಾಗೆ ಅಂದಳು.

ಅವಳನ್ನು ಮೇಡಂ ಹತ್ತಿರ ಕರೆತಂದವಳು ನಮ್ಮ ಸೊಸೆ ರೇಖಾ. ಆಸ್ಪತ್ರೆಯ ಡಾಕ್ಟರು ಮಾತ್ರೆ ಕೊಟ್ಟರು, ಮೇಡಂ ಪ್ರತಿ ಗುರುವಾರ ಬರಲು ಹೇಳಿದರು. ಒಳಗೆ ಅವಳು ಹೇಳುವುದೇನು? ನನ್ನ ಬಗ್ಗೆ ಅಲ್ಲದೆ ಇನ್ನಾರ ಬಗ್ಗೆ ಹೇಳುತ್ತಾಳೆ? ಕೊಳಾಯಿ ರಿಪೇರಿ ನೆಪ ಮಾಡಿ ಮಹಡಿ ಮೆಟ್ಟಿಲ ಮೇಲೆ ನಿಂತೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಬಾಗಿಲು ತೆರೆದ ಮೇಡಂ ಎದುರಿಗೆ ಸಿಕ್ಕಿಬಿದ್ದೆ. ನಾನೇ ಜೋರು ಮಾಡಿ, "ಬಾಗಿಲು ಯಾಕ ಮುಚ್ತೀರಿ?" ಎಂದೆ. ಅವರು ನನ್ನ ಹೆಗಲ ಮೇಲಿನ ಟವಲ್ ನೋಡಿ, "ನೀವು ಧಾರಣಿ ಮಾತಾಡೋವಾಗ ಟವಲ್ ಯಾಕ ಮುಚ್ತೀರಿ?" ಎಂದರು.

ಈಗಿನ ಹುಡುಗರಿಗೆ ಇದು ಗೊತ್ತಿಲ್ಲ. ನಮ್ಮಪ್ಪನ ಕಾಲದಿಂದ ನಾವು ಧಾರಣೆಯನ್ನು, ಅಂದರೆ ಮಾಲಿನ ಬೆಲೆಯನ್ನು, ಬಾಯಲ್ಲಿ ಹೇಳುವವರಲ್ಲ. ಕೈ ಮೇಲೆ ಟವಲ್ ಹಾಕಿ, ಕೆಳಗೆ ಎದುರಿನವನ ಬೆರಳು ಹಿಡಿದು ಹೇಳುತ್ತೇವೆ; ಹಿಡಿದ ಬೆರಳೆಷ್ಟೋ ಬೆಲೆ ಅಷ್ಟು. ಎದುರಿನವನಿಗೆ ತಿಳಿಯಬೇಕು, ಸುತ್ತ ನಿಂತವರಿಗೆ ತಿಳಿಯಬಾರದು. ನಾನು ಟವಲ್ ಸರಿಮಾಡಿಕೊಂಡು ಮೆಟ್ಟಿಲಿಳಿದೆ.

ಮನೆಗೆ ಬಂದ ಮೇಲೂ ಬಿಡದೆ ಅಂಬಮ್ಮನನ್ನು ಕೇಳಿದೆ. ಅವಳೆಂದಳು, "ಎದಿ ಮ್ಯಾಲಿನ ಭಾರ ಹತ್ತರಾಗ ಎಷ್ಟದ ಅಂತ ಕೇಳ್ತಾರ. ನನಗ ಬಾಯಿ ಬರವಲ್ದು." ತೂಕದ ಮಾತು ನನಗೆ ಬರುತ್ತದಲ್ಲ? ಹೆಗಲ ಟವಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಕಿದೆ. "ಬಾಯಿ ಬ್ಯಾಡ, ಬೆರಳು ಹಿಡಿ" ಎಂದೆ.

ಐದೂ ಬೆರಳು ಹಿಡಿದಳು. ಬಿಟ್ಟಳು. ಮತ್ತೆ ಐದೂ ಹಿಡಿದಳು.

ನನ್ನ ಆಯುಷ್ಯದಲ್ಲಿ ಮೊದಲು ಹೇಳಿದ ಬೆಲೆಯನ್ನು ನಾನು ಒಪ್ಪಿದವನಲ್ಲ. ಆದರೆ ಅವತ್ತು ಚೌಕಾಸಿ ಮಾಡಲಿಲ್ಲ. ಕೈ ಬಿಡದೆ ಕೂತೆ, ಅವಳು ಅತ್ತಳು. ಮುಂದಿನ ಗುರುವಾರ ಅವಳು ಆ ಟವಲನ್ನೇ ತೆಗೆದುಕೊಂಡು ಮಹಡಿ ಹತ್ತಿದಳು. ಮೇಡಂ ಅದರ ಕೆಳಗೆ ಕೈ ಇಟ್ಟರಂತೆ. ಬಾಯಿ ಬಂದದ್ದು ಆಮೇಲೆ.

ಭಾರ ಒಂದೇ ಸಮ ಇಳಿಯಲಿಲ್ಲ. ಧಾರಣೆಯ ಹಾಗೆ ಏರಿತು, ಇಳಿಯಿತು, ಮತ್ತೆ ಏರಿತು. ಈಗ ಹೆಚ್ಚಿನ ದಿನ ಮೂರು ಬೆರಳಿಗೆ ನಿಲ್ಲುತ್ತದೆ. ಇದು ಮಾತ್ರೆಯ ಗುಣವೋ, ಮಾತಿನ ಗುಣವೋ, ಆಂಜನೇಯನ ಗುಣವೋ, ನನಗೆ ಈಗಲೂ ಸಂಶಯವಿದೆ. ಅವಳು ಉಣ್ಣುತ್ತಾಳೆ. ಅದರಲ್ಲಿ ಸಂಶಯವಿಲ್ಲ.

ಮೊನ್ನೆ ತನ್ನದು ಹೇಳಿಯಾದ ಮೇಲೂ ಅವಳು ಟವಲ್ ತೆಗೆಯಲಿಲ್ಲ. "ನಿಮ್ದೆಷ್ಟ್ರಿ?" ಎಂದಳು.

ನಾನು ಕೈ ಎಳೆದುಕೊಂಡೆ. ಟವಲ್ ಕೆಳಗಿನಿಂದ ಕೈ ಎಳೆದುಕೊಂಡವನು ಏನೋ ಬಚ್ಚಿಟ್ಟಿದ್ದಾನೆಂದೇ ನಮ್ಮ ಕಸುಬಿನಲ್ಲಿ ಲೆಕ್ಕ. ನಮ್ಮ ತಮ್ಮ ಬಸವರಾಜು ತೀರಿಹೋದಾಗಿನಿಂದ ನನಗೆ ನಿದ್ದೆ ಇಲ್ಲ. ಅದು ಬಿಡಿ, ಪುರಾಣ ಬೇಡ ಎಂದಿದ್ದಾಳೆ.

ರೇಣುಕಾಪ್ರಸಾದ್ ಅವರೇ, ಆಟೋ ವಾಪಸ್ ಕಳಿಸಿ. ಕೋಣೆ ಮೇಡಂ ಹತ್ತಿರವೇ ಇರುತ್ತದೆ, ಬಾಗಿಲು ಮುಚ್ಚಿಯೇ ಇರುತ್ತದೆ. ಬರುವ ಗುರುವಾರ ಅಂಬಮ್ಮ ಹೊರಬಂದ ಮೇಲೆ ಒಳಗೆ ಹೋಗುವವನು ನಾನು. ಯಾರೂ ಮೆಟ್ಟಿಲ ಮೇಲೆ ನಿಲ್ಲಬೇಡಿ. ನಿಂತರೂ ಏನೂ ಕೇಳುವುದಿಲ್ಲ, ನಾನು ನಿಂತು ನೋಡಿದ್ದೇನೆ.

ಭುವನಾ ಮೇಡಂ ಅವರ, ರೇಖಾಳ, ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಉಪಕಾರ ಸ್ಮರಿಸುತ್ತೇನೆ. ನಮಸ್ಕಾರ.