ಅಣಕು ಶವ ಎದ್ದು ಹೋದ ಬಗ್ಗೆ

ನಾನು, ಬೀದಿಯವರ ಬಾಯಲ್ಲಿ ತರ್ಕದ ಮೇಷ್ಟ್ರು, ವಯಸ್ಸು ೫೨, ಕಾಲೇಜು ಅಧ್ಯಾಪಕ, ಗುಡ್ಡದ ಬುಡದ ಬೀದಿಯ ಖಾಯಂ ನಿವಾಸಿ, ಹಾಲಿ ವಾಸ ಸರ್ಕಾರಿ ತಗಡಿನ ಶೆಡ್ಡು, ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ನಾನು ಸತ್ತಿದ್ದಾಗ ಸಂಬಂಧಪಟ್ಟ ಅಧಿಕಾರಿಯ ಅನುಮತಿ ಪಡೆಯದೆ ಎದ್ದು ಹೋಗಿ ಚಹಾ ಕುಡಿದಿರುತ್ತೇನೆ. ಅಪರಾಧ ಒಪ್ಪಿಕೊಂಡಿದ್ದೇನೆ. ಚಹಾ ಚೆನ್ನಾಗಿರಲಿಲ್ಲ.

ಕಳೆದ ವರ್ಷ ಗುಡ್ಡ ಕುಸಿದಾಗ ನಮ್ಮ ಬೀದಿಯನ್ನು ಖಾಲಿ ಮಾಡಿಸಿದರು. ಆಮೇಲೆ ಇಲಾಖೆಯವರು ಗುಡ್ಡಕ್ಕೆ ಬಲೆ ಹೊದಿಸಿದರು. ಗುಡ್ಡವೇನು ಮೀನೇ ಎಂದು ನಾನು ಕೇಳಿದ್ದಕ್ಕೆ ಇದುವರೆಗೆ ಲಿಖಿತ ಉತ್ತರ ಬಂದಿಲ್ಲ. ಮನೆಗೆ ಮರಳಲು ಒಂದು ಷರತ್ತು ಉಳಿದಿತ್ತು: ಅಣಕು ಕಾರ್ಯಾಚರಣೆಯಲ್ಲಿ ಮಣ್ಣಿನಡಿ ಸಿಕ್ಕವರನ್ನೆಲ್ಲ ಬೀದಿಯವರದೇ ತಂಡ ಹೊರತೆಗೆಯಬೇಕು. ಒಬ್ಬರು ಬಿಟ್ಟುಹೋದರೂ ಇನ್ನೊಂದು ವರ್ಷ ಶೆಡ್ಡೇ ಗತಿ. ಅಣಕವನ್ನು ಇಲಾಖೆಯೇ ಏರ್ಪಡಿಸಿದ್ದರಿಂದ ನಾನು ಸೇರಿಸಬೇಕಾದ್ದು ಹೆಚ್ಚೇನೂ ಇರಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಪರಿಹಾರ ಅಧಿಕಾರಿಯವರು ಮೂವರನ್ನು ಆರಿಸಿದರು. ಹಾಲಿನವನು ಗಾಯಾಳು, ದರ್ಜಿ ಮೂರ್ಛೆ ಹೋದವನು, ನಾನು ಶವ. ನನ್ನನ್ನು ಹಿಂದಿನ ಓಣಿಯ ಗುಂಡಿಯಲ್ಲಿ ಮಲಗಿಸಿ, ಮೇಲೆ ಹಲಗೆ, ಅದರ ಮೇಲೆ ಮಣ್ಣಿನ ಚೀಲ ಇಟ್ಟರು. ಮುಖ್ಯ ಅತಿಥಿಗಳು ಬಂದದ್ದು ಹನ್ನೊಂದೂವರೆಗೆ. ಅಲ್ಲಿಯವರೆಗೆ ದುರಂತ ಸಂಭವಿಸಕೂಡದೆಂದು ಆದೇಶವಿತ್ತು. ಸೈರನ್ ಕೂಗಿತು, ತಂಡ ಓಡಿಬಂತು, ಅತಿಥಿಗಳ ಜೊತೆ ಫೋಟೊಗೆ ನಿಂತಿತು. ಕ್ಯಾಮೆರಾಕ್ಕೆ ಹತ್ತಿರವಿದ್ದ ಇಬ್ಬರನ್ನು ಎರಡೆರಡು ಸಲ ರಕ್ಷಿಸಲಾಯಿತು. ತಂಡದಲ್ಲಿದ್ದ ನಮ್ಮ ಅತ್ತೆಯವರಿಗೆ ವಯಸ್ಸಾಗಿದೆ, ಫೋಟೊಗೆ ಹೊಂದುವುದಿಲ್ಲ ಎಂದು ಪಕ್ಕಕ್ಕೆ ಕಳಿಸಿದರು.

ಹನ್ನೆರಡೂಕಾಲಿಗೆ ನಾನು ಚಹಾದಂಗಡಿಯಲ್ಲಿ ಕಾಣಿಸಿಕೊಂಡೆ. ಇಲಾಖೆಯನ್ನು ನಂಬಿದವರು ಗುಂಡಿಯಲ್ಲೇ ಇರುತ್ತಾರೆ, ನನ್ನನ್ನು ನಾನೇ ಎತ್ತಿಕೊಂಡು ಬಂದೆ ಎಂದು ನೆರೆದವರಿಗೆಲ್ಲ ತಿಳಿಸಿದೆ. ಅಧಿಕಾರಿಯವರು ಅದನ್ನೇ ಬರೆದುಕೊಂಡರು: ಒಬ್ಬನನ್ನು ತಂಡ ರಕ್ಷಿಸಿಲ್ಲ, ಬೀದಿ ಅನುತ್ತೀರ್ಣ. ಜೊತೆಗೆ, ಶವವು ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದೆ ಎಂದು ಈ ದೂರು. ಹೆಂಡತಿ ಮಾತು ಬಿಟ್ಟಿದ್ದಾಳೆ. ದರ್ಜಿ ಶೆಡ್ಡಿನ ಬಾಗಿಲಿಗೆ ಬಂದು, "ನಿಮ್ಮ ಒಂದು ಮಾತಿಗೆ ನಮ್ಮೆಲ್ಲರ ಮನೆ ಹೋಯ್ತಲ್ಲ ಮೇಷ್ಟ್ರೇ" ಎಂದು ಹೇಳಿ ಹೋದ.

ಇಷ್ಟನ್ನು ಪೇದೆಯವರು ಓದಿ ಹೇಳಿದ್ದನ್ನು ಕೇಳಿದ್ದೇನೆ. ಸಹಿಗೆ ಮುಂಚೆ ತಿದ್ದಬೇಕಾದ್ದಿದೆ. ನಾನಾಗಿ ಎದ್ದು ಬಂದೆನೆಂಬುದು ಸುಳ್ಳು. ಚೀಲ ಜರುಗಿ ಹಲಗೆ ನನ್ನ ಕಾಲಿನ ಮೇಲೆ ಕೂತಿತ್ತು. ನಾನು ಕೂಗಿಕೊಂಡದ್ದು ಪಕ್ಕಕ್ಕೆ ಹೋಗಿ ನಿಂತಿದ್ದ ಅತ್ತೆಯವರಿಗೆ ಮಾತ್ರ ಕೇಳಿಸಿತು. ಒಬ್ಬರೇ ಚೀಲ ಸರಿಸಿ, "ಅಳಿಯಂದ್ರೇ, ನಾಚ್ಕೋಬೇಡಿ, ಕುತ್ತಿಗೆ ಹಿಡ್ಕೊಳ್ಳಿ" ಎಂದು ನನ್ನನ್ನು ಬೆನ್ನಮೇಲೆ ಹೊತ್ತು ಓಣಿಯ ತುದಿಗೆ, ಚಹಾದಂಗಡಿಯ ಹಿಂಬದಿಗೆ ತಂದರು. ಯಾರಿಗೂ ಹೇಳಬೇಡಿ ಎಂದು ಕೈಮುಗಿದೆ. ಮನೆಯೇ ಕೈತಪ್ಪಿದರೂ ಅವರು ಈವರೆಗೆ ಬಾಯಿಬಿಟ್ಟಿಲ್ಲ. ಅವರು ತಂಡದ ಸದಸ್ಯೆ. ಆದ್ದರಿಂದ ಮೂವರೂ ರಕ್ಷಿತರು, ಬೀದಿ ಉತ್ತೀರ್ಣ.

ಏನೆಂದು ಕೂಗಿಕೊಂಡಿರಿ ಎಂದು ಬರೆದುಕೊಳ್ಳುತ್ತಿರುವ ಪೇದೆಯವರು ಕೇಳಿದ್ದಾರೆ. "ಅಧಿಕಾರಿ ಸಾಹೇಬ್ರೇ, ಕಾಪಾಡಿ" ಎಂದು.

ತಿದ್ದುಪಡಿಯೂ ಸೇರಿ ಮೇಲಿನದೆಲ್ಲ ನಿಜ, ಯಾರ ಒತ್ತಾಯವೂ ಇಲ್ಲ.

ಸ್ಥಳ: ಠಾಣೆ
ದಿನಾಂಕ: ಕಾರ್ಯಾಚರಣೆಯ ಮರುದಿನ
ಸಹಿ/-