ಎರಡನೇ ಚಮಚ

…ಸುಳ್ಳು! ಯಾವನಂದಿದ್ದು ನನ್ನ ಗಂಜಿ ಕೆಟ್ಟಿತ್ತು ಅಂತ? ಹೇಳು ಸಿಗ್ನೆ, ಬಾಯಿ ಬಿಡು! ನಿನ್ನ ಗೈಡು, ಆ ಡಾಕ್ಟರ್ ಒಕಾಂಪೊನಾ? ಆ ಮನುಷ್ಯನಿಗೆ ಒಂದು ಮೊಟ್ಟೆ ಬೇಯಿಸೋಕೆ ಬರಲ್ಲ! ಆರು ವರ್ಷದಿಂದ ಈ ಲ್ಯಾಬಿನ ಯೀಸ್ಟಿಗೆಲ್ಲ ಗಂಜಿ ಕಾಯಿಸಿ, ತಟ್ಟೆಗೆ ಹುಯ್ದು ಕೊಡ್ತಿರೋನು ನಾನು. ಅದಕ್ಕೂ ಮುಂಚೆ ಅಲಾಸ್ಕದ ಮೀನುದೋಣೀಲಿ ನಲವತ್ತು ಜನಕ್ಕೆ ಬೇಯಿಸಿ ಹಾಕಿದೀನಿ. ಒಬ್ಬನೂ ಉಪ್ಪು ಜಾಸ್ತಿ ಅಂದಿಲ್ಲ!

ಯಾಕೆ ನಗ್ತೀಯ? ನಗು ಅಲ್ವಾ ಅದು? ಮತ್ತೆ?

ಎಂಟನೇ ಕ್ಲಾಸು ದಾಟಿಲ್ಲ ನಾನು, ಸರಿ. ಆದ್ರೆ ನೀನೇ ಕಲಿಸಿದ್ದಲ್ವಾ? ಸಿರ್ ಅನ್ನೋ ಪ್ರೋಟೀನುಗಳು ಜೀನಿನ ಬಾಯಿ ಮುಚ್ಚಿಸ್ತವೆ. ಮುಚ್ಚಿದ್ರೆ ಯೀಸ್ಟ್ ಕೆಂಪು, ಬಿಟ್ರೆ ಬಿಳಿ. ನೀನು ಬೇರೊಂದು ಪ್ರೋಟೀನ್ ಕಿತ್ತೆ, ಯೀಸ್ಟೆಲ್ಲ ಬೆಳ್ಳಗಾಯ್ತು. ಹೋಲಿಸೋಕೆ ಹಿಂದಿನ ವಾರದ ತಟ್ಟೆಗಳಲ್ಲಿ ಇಟ್ಟಿದ್ದ ಮಾಮೂಲಿ ಯೀಸ್ಟು ಕೆಂಪಗೇ ಇತ್ತು. ಇದೂ ಬಾಯಿ ಮುಚ್ಚಿಸೋ ಗುಂಪಿಂದೇ ಅಂತ ಕುಣಿದ್ರಿ! ಪ್ರಬಂಧದ ಮೊದಲ ಪುಟದಲ್ಲಿ ನನ್ನ ಹೆಸರು ಹಾಕಿದೆ. 'ತಟ್ಟೆಗಳಿಗಾಗಿ ಡೆಲ್ಬರ್ಟ್ ಕ್ವಿಗ್‌ಗೆ ಕೃತಜ್ಞತೆ.' ಪೊಲೀಸರ ಕಾಗದ ಬಿಟ್ರೆ ನನ್ನ ಹೆಸರು ಅಚ್ಚಾಗಿದ್ದು ಅದೊಂದೇ ಸಲ, ಗೊತ್ತಾ!

ನಾಳೆ ನಿನ್ನ ಡಾಕ್ಟರೇಟ್ ಪರೀಕ್ಷೆ. ಇವತ್ತು ತಪ್ಪು ಹೊರಿಸೋಕೆ ನಾನು ಬೇಕಾ? ತಗೋ, ಆ ಗಂಜಿಗೆ ಹಾಕಿದ್ದೆಲ್ಲ ಬರೆದಿಟ್ಟ ಚೀಟಿ ನೋಡು! ಅಡೆನಿನ್ ಪುಡಿ ಒಂದು ಚಮಚ. ಒಂದೇ! ಅದು ಜಾಸ್ತಿಯಾದ್ರೆ ಎಂಥ ಯೀಸ್ಟೂ ಬೆಳ್ಳಗೇ ಉಳಿಯುತ್ತೆ ಅಂತ ನನಗೆ ಗೊತ್ತಿಲ್ವಾ?

ಏನದು ಕೈಲಿ? ತಟ್ಟೆ. ಹೂಂ, ಯೀಸ್ಟೆಲ್ಲ ಬೆಳ್ಳಗಾದ ವಾರದ್ದೇ, ನನ್ನದೇ ಅಕ್ಷರ. ಒಂದು ಖಾಲಿದು ಫ್ರಿಜ್ಜಿನ ಮೂಲೇಲಿ ಉಳಿದಿತ್ತಾ? ಅದರಲ್ಲಿ ಈಗ ಯೀಸ್ಟ್ ಬೆಳೆಸಿದ್ಯಾ? ಸರಿ… ಬೆಳ್ಳಗಿದೆ. ಇರಲೇಬೇಕಲ್ಲ! ನಿನ್ನ ಆ ಪ್ರೋಟೀನ್ ಕಿತ್ತ ಯೀಸ್ಟು…

ಯಾಕೆ ತಲೆ ಆಡಿಸ್ತೀಯ?

ಇದು… ಮಾಮೂಲಿ ಯೀಸ್ಟಾ? ಏನೂ ಕೀಳದ್ದಾ?

ಬಯ್ಯಿ ಮಾರಾಯ್ತಿ. ಕೂಗಾಡು, ಆ ತಟ್ಟೆ ತೆಗೆದು ನನ್ನ ಮುಖಕ್ಕೆ ಎಸಿ. ಹೀಗೆ ಸುಮ್ನೆ ನಿಂತು ನೋಡಬೇಡ… ನೋಡಬೇಡ ಅಂದ್ನಲ್ಲ!

ಗಂಜಿ ಕಾಯಿಸೋವಾಗ ಫೋನ್ ಬಂತು. ತಿರುಗಿ ಬಂದ್ರೆ, ಹಾಕಿದ್ನೋ ಇಲ್ವೋ, ನೆನಪೇ ಇಲ್ಲ. ಇನ್ನೊಂದು ಚಮಚ ಹಾಕ್ಬಿಟ್ಟೆ. ಚೆಲ್ಲಬೇಕಿತ್ತು, ಹಾಗೇ ತಟ್ಟೆಗೆ ಹುಯ್ದು ಮನೆಗೆ ಹೋದೆ. ಬೆಳಿಗ್ಗೆ ಬರೋದ್ರೊಳಗೆ ನೀನು ತಟ್ಟೆ ಒಯ್ದಿದ್ದೆ. ಯೀಸ್ಟೆಲ್ಲ ಬೆಳ್ಳಗಾಯ್ತು ಅಂತ ಕೇಳಿದ ದಿನ ಹೇಳೋಣ ಅಂತಲೇ ಮೇಲೆ ಬಂದೆ ಸಿಗ್ನೆ, ಆಣೆಗೂ ಬಂದೆ… ಎಲ್ಲಾ ಚಪ್ಪಾಳೆ ಹೊಡೀತಿದ್ರಿ. ನೀನು ಓಡಿಬಂದು ನನ್ನ ಕೈಗೆ ಕೇಕ್ ಇಟ್ಟೆ.