ಚಿಕ್ಕೋಳು

ಕಣ್ಣಿನ ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಯಾರೋ ಅತ್ತಿಗೆ, ನಾದಿನಿ ಮಾತಾಡುತ್ತಾ ಕುಳಿತಿದ್ದರು. ಅತ್ತಿಗೆಯ ಮಗಳು ಒಳಗೆ ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತಿರುವುದು ಕೇಳಿಸುತ್ತಿತ್ತು.

“ಟೀಚರ್ ಹೊಸದೊಂದು ಹೇಳಿಕೊಡ್ತಿದಾರೆ,” ಎಂದರು ಅತ್ತಿಗೆ. “ಕಥೇಲಿ ಬರೀದೆ ಬಿಟ್ಟಿದ್ದನ್ನ ಮಕ್ಕಳೇ ಊಹಿಸ್ಬೇಕು. ಬಾಗಿಲ ಹತ್ರ ಒದ್ದೆ ಕೊಡೆ ಇದ್ರೆ ಹೊರಗೆ ಮಳೆ ಅಂತ, ಹಾಗೆ.”

“ಒಳ್ಳೇದೇ ಅಲ್ವಾ ಅತ್ತಿಗೆ?”

“ಒಳ್ಳೇದೇ. ಮೊನ್ನೆ ಸ್ಕೂಲಿಂದ ಬಂದೋಳೇ ಕೇಳಿದ್ಲು, ‘ಅಜ್ಜಿ ನನ್ನ ಚಿಕ್ಕೋಳು ಅಂತಾರೆ. ಮನೇಲಿರೋದು ನಾನೊಬ್ಬಳೇ. ದೊಡ್ಡೋಳು ಎಲ್ಲಿ?’ ಅಂತ.”

ನಾದಿನಿ ಅತ್ತಿಗೆಯ ಕಡೆಗೆ ತಿರುಗಿದಳು.

“ಹಾಗೆ ಕರೀಬೇಡ ಅಂತ ಅಮ್ಮನಿಗೆ ಎಷ್ಟು ಸಲ ಹೇಳಿದ್ದೆ. ನೀವೇನಂದ್ರಿ?”

“ಕೈಕಾಲು ತೊಳ್ಕೊಂಡು ಬಾ ಅಂದೆ. ಅವಳೇ ಅಂದ್ಲು, ‘ನೀನು ಇಲ್ಲ ಅನ್ಲಿಲ್ಲ. ಅಂದ್ರೆ ಇದ್ಲು.’”

“ಇವಳು ಹುಟ್ಟೋಕೆ ಮುಂಚೇನೇ ತೀರಿಕೊಂಡ ಮಗು. ಒಂದು ಫೋಟೋನೂ ಇಟ್ಟಿಲ್ವಲ್ಲ ನಾವು.”

“ಫೋಟೋ ಯಾಕೆ ಬೇಕು? ‘ನನಗೆ ಕತ್ತಲೆ ಅಂದ್ರೆ ಭಯ ಇಲ್ಲ. ಆದ್ರೂ ರೂಮಿನ ದೀಪ ನೀನು ಆರಿಸೋದೇ ಇಲ್ಲ. ಭಯ ಅಕ್ಕನಿಗಿತ್ತಾ?’ ಅಂದ್ಲು.”

“ಅದಕ್ಕೆ?”

“ಹೂಂ ಅಂದೆ. ಇಷ್ಟು ವರ್ಷದಲ್ಲಿ ದೊಡ್ಡೋಳ ಬಗ್ಗೆ ನಾನು ಬಾಯಿಬಿಟ್ಟಿದ್ದು ಅದೊಂದೇ ಮಾತು. ಅವತ್ತಿಂದ ಇವಳು ಹಾಸಿಗೆಯ ಒಂದು ಕಡೆಗೆ ಸರಿದು, ಅರ್ಧ ಜಾಗ ಬಿಟ್ಟು ಮಲಗ್ತಿದಾಳೆ.”

ಬಾಗಿಲು ತೆರೆಯಿತು. ಹುಡುಗಿ ಹೊರಗೆ ಬಂದು ಅತ್ತೆಯ ಒದ್ದೆ ಕಣ್ಣುಗಳನ್ನು ನೋಡಿದಳು, ಅಮ್ಮನ ಮುಖ ನೋಡಿದಳು. ಇಬ್ಬರ ಕೈಯನ್ನೂ ಹಿಡಿದು ಮೆಟ್ಟಿಲ ಕಡೆಗೆ ನಡೆಸಿಕೊಂಡು ಹೋದಳು.